ಮೊದಲು ಹಡಗು ಕೇಳಿ, ಆಮೇಲೆ ಫೀಸು ಕಟ್ಟಿ

(ಹಡಗಿನ ಕೆಲಸ ಮತ್ತು ತರಬೇತಿ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಸುರತ್ಕಲ್ ಸಮೀಪ ಹೊಸಬೆಟ್ಟಿನಲ್ಲಿ ನೆಲೆಸಿರುವ ನಿವೃತ್ತ ಚೀಫ್ ಎಂಜಿನಿಯರ್ ಒಬ್ಬರ ಉತ್ತರ. ಹಡಗು ಬಿಟ್ಟ ಮೇಲೆ ಇವರು ಕೆಲವು ವರ್ಷ ತರಬೇತಿ ಕೇಂದ್ರದಲ್ಲಿ ಪಾಠ ಮಾಡಿದವರು.)

ಪ್ರಶ್ನೆ: ಮಗನಿಗೆ ಪಿಯುಸಿ ಸೈನ್ಸ್‌ನಲ್ಲಿ ಪಿಸಿಎಂ 64% ಬಂದಿದೆ. ಮುಂಬೈಯ ಏಜೆಂಟರೊಬ್ಬರು 5 ಲಕ್ಷ ಕೊಟ್ಟರೆ ಮೂರು ತಿಂಗಳಲ್ಲಿ ಹಡಗು ಹತ್ತಿಸುತ್ತೇನೆ, ಎಂಟ್ರೆನ್ಸ್ ಪರೀಕ್ಷೆ ಏನೂ ಬೇಡ ಎನ್ನುತ್ತಾರೆ. ಅರ್ಧ ಹಣ ಈ ವಾರವೇ ಬೇಕಂತೆ. ನಮ್ಮವರು ಚಿನ್ನ ಅಡವಿಡುವ ಮಾತಾಡುತ್ತಿದ್ದಾರೆ. ಏನು ಮಾಡಲಿ?
— ಒಬ್ಬ ತಾಯಿ, ಕಿನ್ನಿಗೋಳಿ

ಚಿನ್ನ ಡಬ್ಬಿಯಲ್ಲೇ ಇರಲಿ, ಅಮ್ಮ. ನಿಮ್ಮ ಪತ್ರದಲ್ಲಿ ನನಗೆ ಸಿಟ್ಟು ಬಂದದ್ದು 5 ಲಕ್ಷ ನೋಡಿ ಅಲ್ಲ, "ಈ ವಾರವೇ" ಎಂಬ ಮಾತು ನೋಡಿ. ನಿಜವಾದ ಕಂಪನಿಗೆ ಅಂಥ ಅವಸರ ಇರುವುದಿಲ್ಲ.

ನಮ್ಮ ದೇಶದಲ್ಲಿ ಹಡಗಿಗೆ ಜನ ಕಳಿಸುವವರಿಗೆ ಡಿಜಿ ಶಿಪ್ಪಿಂಗ್ ಎಂಬ ಕೇಂದ್ರ ಸರ್ಕಾರದ ಕಚೇರಿ ಲೈಸೆನ್ಸ್ ಕೊಡುತ್ತದೆ. ಅದಕ್ಕೆ ಆರ್‌ಪಿಎಸ್‌ಎಲ್ ಎನ್ನುತ್ತಾರೆ. ಏಜೆಂಟರ ಹತ್ತಿರ ಆ ನಂಬರ್ ಕೇಳಿ. ನಂಬರ್ ಕೊಟ್ಟರೆ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನ ಪಟ್ಟಿಯಲ್ಲಿ ಆ ಹೆಸರು ಉಂಟಾ, ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿ ಉಂಟಾ ಎಂದು ಮಗನೇ ನೋಡಲಿ. ಆಮೇಲೆ ಅಲ್ಲೇ ಇರುವ ಆಫೀಸ್ ಫೋನಿಗೆ ಕರೆ ಮಾಡಿ, ಈ ಮನುಷ್ಯ ನಿಮ್ಮವನೇ ಎಂದು ಕೇಳಲಿ. ದೊಡ್ಡ ಕಂಪನಿಯ ಹೆಸರಲ್ಲಿ ನಕಲಿ ಲೆಟರ್ ಹೆಡ್ ಮಾಡುವುದು ಈಗ ಎಷ್ಟು ಹೊತ್ತಿನ ಕೆಲಸ? ಇನ್ನೊಂದು ಮಾತು. ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ದುಡ್ಡು ತೆಗೆದುಕೊಳ್ಳುವುದೇ ನಿಷೇಧ. ಎಂಎಲ್‌ಸಿ ಎಂಬ ಅಂತಾರಾಷ್ಟ್ರೀಯ ಒಪ್ಪಂದ ಉಂಟು. 2006ರದ್ದು, 2013ರಲ್ಲಿ ಜಾರಿಗೆ ಬಂತು, ಭಾರತ 2015ರಲ್ಲಿ ಸಹಿ ಹಾಕಿದೆ. ಪಾಸ್‌ಪೋರ್ಟ್, ಸಿಡಿಸಿ ಎಂಬ ನಾವಿಕರ ಪುಸ್ತಕ, ಮೆಡಿಕಲ್, ಇವುಗಳ ಖರ್ಚು ನಿಮ್ಮದು. ಕೆಲಸದ ಕಮಿಷನ್ ಮಾತ್ರ ಹಡಗಿನ ಮಾಲೀಕ ಕೊಡಬೇಕಾದ್ದು. ಹಾಗಾಗಿ ಆ 5 ಲಕ್ಷಕ್ಕೆ ರಸೀದಿ ಕೇಳಿ ನೋಡಿ. ಕೊಡುವುದಿಲ್ಲ.

ಸರಿ, ನೇರ ದಾರಿ ಯಾವುದು? ಮಗನಿಗೆ ಪಿಸಿಎಂನಲ್ಲಿ 60% ದಾಟಿದೆ. ಇಂಗ್ಲಿಷ್‌ನಲ್ಲಿ ಹತ್ತನೇ ಕ್ಲಾಸಿನಲ್ಲೋ ಪಿಯುಸಿಯಲ್ಲೋ 50% ಇದ್ದರೆ ಐಎಂಯು ಸಿಇಟಿ ಬರೆಯಬಹುದು. ಐಎಂಯು ಎಂದರೆ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿ. 2008ರಲ್ಲಿ ಶುರುವಾಯಿತು, ಕೇಂದ್ರ ಕಚೇರಿ ಚೆನ್ನೈಯಲ್ಲಿ. ಡೆಕ್ ಆಫೀಸರ್, ಅಂದರೆ ಹಡಗು ನಡೆಸುವ ಅಧಿಕಾರಿ ಆಗಬೇಕಾದರೆ ಎರಡು ದಾರಿ. ಒಂದು ವರ್ಷದ ಡಿಎನ್‌ಎಸ್ (ನಾಟಿಕಲ್ ಸೈನ್ಸ್) ಡಿಪ್ಲೊಮಾ ಮಾಡಿ 18 ತಿಂಗಳು ಕೆಡೆಟ್, ಅಂದರೆ ಟ್ರೈನಿ ಆಗಿ ಹಡಗಿನಲ್ಲಿರುವುದು. ಇಲ್ಲವೇ ಮೂರು ವರ್ಷದ ಬಿಎಸ್ಸಿ ನಾಟಿಕಲ್ ಸೈನ್ಸ್ ಮಾಡಿ 12 ತಿಂಗಳು. ಎರಡರ ಕೊನೆಗೂ ಸೆಕೆಂಡ್ ಮೇಟ್ ಪರೀಕ್ಷೆ. ಎಂಜಿನ್ ಕಡೆಗೆ ನಾಲ್ಕು ವರ್ಷದ ಬಿಟೆಕ್ ಮರೀನ್.

ಈಗ ಕಿವಿಗೊಟ್ಟು ಕೇಳಿ. ಕೋರ್ಸ್ ಮುಗಿಸಿದವರಿಗೆಲ್ಲ ಹಡಗು ಸಿಗುವುದಿಲ್ಲ. ಈ ವಿಷಯ ಕಾಲೇಜಿನ ಬಣ್ಣದ ಪುಸ್ತಕದಲ್ಲಿ ಇರುವುದಿಲ್ಲ. ಕೆಡೆಟ್‌ಗಳನ್ನು ತೆಗೆದುಕೊಳ್ಳುವ ಹಡಗುಗಳು ಕಡಿಮೆ, ಕೋರ್ಸ್ ಮುಗಿಸಿ ಹೊರಬರುವ ಮಕ್ಕಳು ಜಾಸ್ತಿ. ಸೀ ಟೈಮ್, ಅಂದರೆ ಹಡಗಿನಲ್ಲಿ ಕಳೆದ ಕಾಲದ ಲೆಕ್ಕ ಇಲ್ಲದೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದೆ ಆಫೀಸರ್ ಆಗುವುದಿಲ್ಲ. ಅಂಥ ಹುಡುಗರು ಮುಂಬೈಯಲ್ಲಿ ರೂಮು ಮಾಡಿಕೊಂಡು ಬೆಳಿಗ್ಗೆ ಎದ್ದು ಆಫೀಸಿಂದ ಆಫೀಸಿಗೆ ಬಯೋಡೇಟಾ ಹಂಚುತ್ತಾ ಓಡಾಡುತ್ತಾರೆ. ನಿಮಗೆ ಸಿಕ್ಕಿದಂಥ ಏಜೆಂಟರು ಕಾಯುತ್ತಾ ಕೂತಿರುವುದು ಅವರಿಗೇ. ಹಾಗಾಗಿ ಕಾಲೇಜಿಗೆ ಫೀಸು ಕಟ್ಟುವ ಮೊದಲು ಸ್ಪಾನ್ಸರ್‌ಶಿಪ್ ಲೆಟರ್ ಬೇಕು. "ಈ ಹುಡುಗ ಕೋರ್ಸ್ ಪಾಸಾದರೆ ನಮ್ಮ ಹಡಗಿಗೆ ಟ್ರೈನಿಯಾಗಿ ತೆಗೆದುಕೊಳ್ಳುತ್ತೇವೆ" ಎಂದು ಕಂಪನಿ ಕೊಡುವ ಪತ್ರ ಅದು. ಕಂಪನಿಗಳು ತಾವೇ ಪರೀಕ್ಷೆ, ಇಂಟರ್‌ವ್ಯೂ ಮಾಡಿ ಆರಿಸುತ್ತವೆ. "ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್" ಎಂದು ಹೋಟೆಲ್ ಹಾಲಿನಲ್ಲಿ ಸೆಮಿನಾರ್ ಮಾಡಿ ಸಮೋಸ ಹಂಚುತ್ತಾರಲ್ಲ, ಅದು ಸ್ಪಾನ್ಸರ್‌ಶಿಪ್ ಅಲ್ಲ. ಅಸಿಸ್ಟೆನ್ಸ್ ಅಷ್ಟೇ.

ಏಜೆಂಟ್ ಹೇಳಿದ ಹಾಗೆ ಹೋದರೆ ಏನಾಗುತ್ತದೆ? ಯಾವುದೋ ಬಂದರಿಗೆ ಟೂರಿಸ್ಟ್ ವೀಸಾದಲ್ಲಿ ಕಳಿಸಿ ತುಕ್ಕು ಹಿಡಿದ ಹಡಗು ಹತ್ತಿಸುತ್ತಾರೆ. ಸಂಬಳ ನಿಂತರೆ ಕೇಳಲು ಯಾರಿಲ್ಲ. 2017ರ ಜನವರಿಯಿಂದ ಮಾಲೀಕ ಕೈಬಿಟ್ಟ ಹಡಗಿನ ಸಿಬ್ಬಂದಿಗೆ 4 ತಿಂಗಳವರೆಗಿನ ಬಾಕಿ ಸಂಬಳ ಮತ್ತು ಊರಿಗೆ ಮರಳುವ ಖರ್ಚಿಗೆ ವಿಮೆ ಇರಬೇಕೆಂಬ ನಿಯಮ ಬಂದಿದೆ. ಆದರೆ ಇಂಥ ಹಡಗುಗಳಿಗೆ ಆ ವಿಮೆ ಇರುತ್ತದೆ ಎಂದು ನಂಬಬೇಡಿ. ಅಲ್ಲಿ ಕಳೆದ ದಿನಗಳು ಸೀ ಟೈಮ್ ಲೆಕ್ಕಕ್ಕೂ ಬರದೆ ಹೋಗಬಹುದು.

ಪ್ರಶ್ನೆ: ಹತ್ತನೇ ಕ್ಲಾಸ್ ಪಾಸ್. ಈಗ ಮಲ್ಪೆಯಲ್ಲಿ ಮಾವನ ಪರ್ಸೀನ್ ಬೋಟಿನಲ್ಲಿ ಹೋಗುತ್ತೇನೆ. ಸಮುದ್ರ ಹೊಸತಲ್ಲ. ಇದೇ ಅನುಭವದಲ್ಲಿ ಮರ್ಚೆಂಟ್ ನೇವಿಗೆ ಸೇರಬಹುದಾ?
— ವಡಭಾಂಡೇಶ್ವರದ ಓದುಗ, 19 ವರ್ಷ

ತಮ್ಮಾ, ನಿನ್ನಂಥವರು ಹಡಗಿಗೆ ಬಂದರೆ ನನಗೆ ಬಹಳ ಖುಷಿ. ತೆರೆಗೆ ವಾಂತಿ ಮಾಡುತ್ತಾ ಮೂಲೆಯಲ್ಲಿ ಕೂರುವ ಕೆಡೆಟ್‌ಗಳ ನಡುವೆ, ಹಗ್ಗ ಕೈಗೆ ಬಂದ ಕೂಡಲೇ ಯಾವ ಕಡೆ ಎಳೆತ ಬೀಳುತ್ತದೆ ಎಂದು ನೋಡಿ ಕಾಲು ಸರಿಸಿ ನಿಲ್ಲುವವನು ಬೋಸನ್‌ಗೆ, ಅಂದರೆ ಡೆಕ್ಕಿನ ಖಲಾಸಿಗಳ ಮೇಸ್ತ್ರಿಗೆ, ದೇವರು ಕೊಟ್ಟ ವರ. ಆದರೆ ಕಾಗದದಲ್ಲಿ ಬೋಟಿನ ಅನುಭವವನ್ನು ಕಾರ್ಗೋ ಹಡಗಿನ ಸೀ ಟೈಮ್ ಎಂದು ಹಿಡಿಯುವುದಿಲ್ಲ. ಹೊಸಬನ ಹಾಗೆಯೇ ಶುರು ಮಾಡಬೇಕು.

ನಿನಗೆ ಎರಡು ಬಾಗಿಲು ಉಂಟು. ಒಂದು, ಆರು ತಿಂಗಳ ಜಿಪಿ ರೇಟಿಂಗ್ ಕೋರ್ಸ್. ಹತ್ತನೇ ಕ್ಲಾಸಿನಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಇದ್ದು ಪಾಸಾದವರಿಗೆ. ಡೆಕ್ಕಿಗೂ ಎಂಜಿನ್ ರೂಮಿಗೂ ಆಗುವ ಖಲಾಸಿ ತರಬೇತಿ ಅದು. ಮೇಲಿನ ಅಮ್ಮನಿಗೆ ಹೇಳಿದ್ದು ಇಲ್ಲಿಯೂ ಅನ್ವಯ, ಇನ್ನೂ ಹೆಚ್ಚು ಅನ್ವಯ. ಕೋರ್ಸ್ ಮುಗಿಸಿ ಕಂಪನಿ ಸಿಗದೆ ಮತ್ತೆ ಬೋಟಿಗೇ ಹೋದವರನ್ನು ನಮ್ಮ ಕರಾವಳಿಯಲ್ಲಿ ಹುಡುಕಬೇಕಾಗಿಲ್ಲ.

ಇನ್ನೊಂದು ಬಾಗಿಲು ನಮ್ಮ ಹುಡುಗರಿಗೆ ಗೊತ್ತೇ ಇಲ್ಲ. ಕೊಚ್ಚಿಯಲ್ಲಿ ಸಿಫ್ನೆಟ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಇದೆ. 1963ರಿಂದ ನಡೆಯುತ್ತಿದೆ, ಚೆನ್ನೈ ಮತ್ತು ವಿಶಾಖಪಟ್ಟಣದಲ್ಲೂ ಶಾಖೆ ಉಂಟು. ಮೀನುಗಾರಿಕೆ ಹಡಗು ನಡೆಸಲು ಬೇಕಾದ ವೆಸೆಲ್ ನ್ಯಾವಿಗೇಟರ್ ಮತ್ತು ಮರೀನ್ ಫಿಟ್ಟರ್ ಎಂಬ ಎರಡು ವರ್ಷದ ಕೋರ್ಸುಗಳು ಅಲ್ಲಿವೆ. ಹತ್ತನೇ ಕ್ಲಾಸ್ ಸಾಕು. ಅದರಿಂದ ಮುಂದೆ ಮೀನುಗಾರಿಕೆ ಹಡಗಿನ ಮೇಟ್, ಸ್ಕಿಪ್ಪರ್, ಎಂಜಿನಿಯರ್ ಸರ್ಟಿಫಿಕೇಟಿನ ಕಡೆ ಹೋಗಬಹುದು. ವಯಸ್ಸಿನ ಮಿತಿ ಉಂಟು, ನೀನು ಅದರ ಅಂಚಿನಲ್ಲಿದ್ದೀ. ಹಾಗಾಗಿ ಈ ವರ್ಷದ ಪ್ರಕಟಣೆ ಬಂದ ಕೂಡಲೇ ಅರ್ಜಿ ಹಾಕು. ಬೋಟು ನಡೆಸುವ ನಿಮ್ಮ ತಂಡೇಲರಿಗೆ ಮೀನು ಎಲ್ಲಿದೆ ಎಂದು ನೀರಿನ ಬಣ್ಣ ನೋಡಿ ಗೊತ್ತಾಗುತ್ತದೆ. ಅದನ್ನು ಯಾವ ಸಂಸ್ಥೆಯೂ ಕಲಿಸುವುದಿಲ್ಲ, ಒಪ್ಪುತ್ತೇನೆ. ಆದರೆ ಚಾರ್ಟ್ ಎಂಬ ಸಮುದ್ರದ ನಕ್ಷೆ ಓದಲು, ರೇಡಿಯೊದಲ್ಲಿ ನಿಯಮದಂತೆ ಮಾತಾಡಲು ಅವರೂ ಕಲಿಸಲಾರರು.

ಜೂನ್ 1ರಿಂದ ಜುಲೈ 31ರವರೆಗೆ ಬೋಟು ದಡದಲ್ಲಿರುತ್ತದಲ್ಲ, ಆ ಎರಡು ತಿಂಗಳು ಬಲೆ ಹೊಲಿದ ಮೇಲೆ ಉಳಿದ ಹೊತ್ತಿನಲ್ಲಿ ಇಂಗ್ಲಿಷ್ ಮಾತಾಡುವುದನ್ನು ರೂಢಿ ಮಾಡು. ಹಡಗಿನಲ್ಲಿ ಕ್ಯಾಪ್ಟನ್ ಉಕ್ರೇನಿನವನು, ಅಡುಗೆಯವನು ಫಿಲಿಪೀನ್ಸಿನವನು ಇರುತ್ತಾನೆ. ಎಲ್ಲರದ್ದೂ ಮುರುಕು ಇಂಗ್ಲಿಷೇ. ನಾಚಿಕೆ ಬೇಡ.

ಪ್ರಶ್ನೆ: ನನಗೆ ಕೆಂಪು–ಹಸಿರು ಸ್ವಲ್ಪ ಗೊಂದಲ ಆಗುತ್ತದೆ. ದಿನನಿತ್ಯ ಏನೂ ತೊಂದರೆ ಇಲ್ಲ. ಡೆಕ್‌ಗೆ ಆಗದಿದ್ದರೆ ಎಂಜಿನ್‌ಗಾದರೂ ಹೋಗಬಹುದಲ್ವಾ?
— ವಿದ್ಯಾರ್ಥಿ, ಬ್ರಹ್ಮಾವರ

ಆಗುವುದಿಲ್ಲ. ಎಂಜಿನ್ ಕಡೆಗೆ ಮಿತಿಯೊಳಗಿನ ಕನ್ನಡಕ ನಡೆಯುತ್ತದೆ. ಬಣ್ಣಗುರುಡು ಎರಡು ಕಡೆಯೂ ನಡೆಯುವುದಿಲ್ಲ. ರಾತ್ರಿ ಎದುರಿನ ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಎರಡೂ ಒಟ್ಟಿಗೆ ಕಂಡರೆ ಅದು ನೇರ ನಮ್ಮ ಮೇಲೆಯೇ ಬರುತ್ತಿದೆ ಎಂದರ್ಥ, ಇಬ್ಬರೂ ಬಲಕ್ಕೆ ತಿರುಗಬೇಕು. ಹಸಿರಿನ ಕೆಳಗೆ ಬಿಳಿ ಇದ್ದರೆ ಟ್ರಾಲ್ ಬೋಟು, ಕೆಂಪಿನ ಕೆಳಗೆ ಬಿಳಿ ಇದ್ದರೆ ಬೇರೆ ಬಲೆಯ ಬೋಟು. ನಮ್ಮ ಕರಾವಳಿಯಲ್ಲಿ ಒಂದು ರಾತ್ರಿಗೆ ಇಂಥ ದೀಪ ಎಷ್ಟು ಕಾಣುತ್ತವೆ ಎಂದು ಮಲ್ಪೆಯವರನ್ನು ಕೇಳಿ. ಎಂಜಿನ್ ರೂಮಿನಲ್ಲಿ ಪೈಪಿಗೆ ಬಣ್ಣ, ತಂತಿಗೆ ಬಣ್ಣ, ಅಲಾರ್ಮಿಗೆ ಬಣ್ಣ. ಕಾಲೇಜಿಗೆ ಒಂದು ರೂಪಾಯಿ ಕಟ್ಟುವ ಮೊದಲೇ ಡಿಜಿ ಶಿಪ್ಪಿಂಗ್ ಮಾನ್ಯತೆ ಇರುವ ವೈದ್ಯರಲ್ಲಿ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳಿ. ಬೇಸರ ಆಗುತ್ತದೆ, ಗೊತ್ತು. ದಡದಲ್ಲೂ ಹಡಗಿನ ಕೆಲಸ ಬೇಕಾದಷ್ಟು ಉಂಟು, ಕೊನೆಯ ಉತ್ತರ ಓದಿ.

ಪ್ರಶ್ನೆ: ನನ್ನ ಯಜಮಾನರು ಸೆಕೆಂಡ್ ಆಫೀಸರ್. ನಾಲ್ಕು ತಿಂಗಳ ರಜೆಗೆ ಬಂದರೆ ಒಂದು ತಿಂಗಳು ಮುಂಬೈಯಲ್ಲಿ ಕೋರ್ಸ್. ಮತ್ಸ್ಯಗಂಧದಲ್ಲಿ ಹೋಗುವುದು, ಬರುವುದು. ಬೆಂಕಿ ನಂದಿಸುವುದು ಆಗಲೇ ಕಲಿತವರಿಗೆ ಮತ್ತೆ ಅದೇ ಯಾಕೆ? ಇನ್‌ಸ್ಟಿಟ್ಯೂಟ್‌ಗಳು ಹಣ ಮಾಡಲು ಮಾಡಿಕೊಂಡ ದಾರಿ ಅನಿಸುತ್ತದೆ.
— ಗೃಹಿಣಿ, ಉಳ್ಳಾಲ

ಅಕ್ಕಾ, ಹಣ ಮಾಡುವವರು ಇದ್ದಾರೆ, ಸುಳ್ಳು ಹೇಳುವುದಿಲ್ಲ. ರಜೆ ಹಾಳು ಎಂದು ನನ್ನ ಹೆಂಡತಿಯೂ ಇದೇ ಧಾಟಿಯಲ್ಲಿ ಜಗಳ ಮಾಡುತ್ತಿದ್ದಳು. ಕೆಲವು ಕೋರ್ಸುಗಳನ್ನು ಅರ್ಧ ದಿನಕ್ಕೆ ಇಳಿಸಿದರೂ ಯಾರಿಗೂ ನಷ್ಟವಿಲ್ಲ ಎಂದು ನಾನೂ ನಂಬಿದ್ದೇನೆ. ಆದರೆ ನೀವು ಹೆಸರಿಸಿದ ಬೆಂಕಿಯ ಕೋರ್ಸ್ ಆ ಪಟ್ಟಿಯಲ್ಲಿ ಇಲ್ಲ.

ಎಸ್‌ಟಿಸಿಡಬ್ಲ್ಯು ಎಂಬ ಒಪ್ಪಂದ 1978ರಲ್ಲಿ ಆಯಿತು. ಹಡಗಿನ ಯಾವ ಕೆಲಸದವನಿಗೆ ಎಷ್ಟು ತರಬೇತಿ ಬೇಕು ಎಂದು ಇಡೀ ಜಗತ್ತಿಗೆ ಒಂದೇ ಅಳತೆ. 1995ರಲ್ಲಿ ಅದನ್ನು ಬಿಗಿ ಮಾಡಿದರು, 2010ರಲ್ಲಿ ಮನಿಲಾದಲ್ಲಿ ಮತ್ತೆ ತಿದ್ದಿದರು. ಆ ತಿದ್ದುಪಡಿಯ ಪ್ರಕಾರ ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು ಮತ್ತು ಬೆಂಕಿ ನಂದಿಸುವುದು, ಇವೆರಡರ ಸಾಮರ್ಥ್ಯ ಉಳಿದಿದೆ ಎಂದು ಐದು ವರ್ಷಕ್ಕೊಮ್ಮೆ ತೋರಿಸಬೇಕು. ಮನುಷ್ಯ ಮರೆಯುತ್ತಾನೆ, ಅದಕ್ಕೆ.

ಹೊಗೆ ತುಂಬಿದ ಕೋಣೆಯೊಳಗೆ ಏನು ಮಾಡಿಸುತ್ತೇವೆ ಹೇಳುತ್ತೇನೆ. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್. ಕಣ್ಣಿಗೆ ಏನೂ ಕಾಣುವುದಿಲ್ಲ. ಕಾಲನ್ನು ಎತ್ತಿ ಇಡುವ ಹಾಗಿಲ್ಲ, ನೆಲಕ್ಕೆ ಒರೆಸುತ್ತಾ ಮುಂದೆ ಸರಿಯಬೇಕು, ಯಾಕೆಂದರೆ ಮುಂದೆ ಮೆಟ್ಟಿಲೋ ಗುಂಡಿಯೋ ಗೊತ್ತಿಲ್ಲ. ಗೋಡೆ ಮುಟ್ಟುವುದು ಅಂಗೈಯಿಂದಲ್ಲ, ಅಂಗೈಯ ಹಿಂಭಾಗದಿಂದ. ಕರೆಂಟ್ ಇರುವ ತಂತಿ ತಗುಲಿದರೆ ಕೈ ಮುದುಡಿಕೊಳ್ಳುತ್ತದೆ. ಅಂಗೈಯಾದರೆ ತಂತಿಯನ್ನೇ ಹಿಡಿದುಬಿಡುತ್ತದೆ, ಹಿಂಭಾಗವಾದರೆ ಕೈ ಹಿಂದೆ ಬರುತ್ತದೆ. ಬಂದ ಗೋಡೆಯ ಮೇಲಿಂದ ಕೈ ತೆಗೆಯಬಾರದು, ಅದೇ ಹೊರಗೆ ಬರುವ ದಾರಿ. ಗಾಳಿ ಕಡಿಮೆಯಾದರೆ ಸಿಲಿಂಡರ್ ಶಿಳ್ಳೆ ಹಾಕುತ್ತದೆ. ಆಗ ಎದುರಿಗೆ ಬೆಂಕಿ ಇನ್ನೊಂದು ಬಕೆಟ್ ನೀರಿಗೆ ಆರುವಂತಿದ್ದರೂ ತಿರುಗಿ ಹೊರಡಬೇಕು. ಇದನ್ನೆಲ್ಲ ಓದಿದರೆ ಒಂದು ನಿಮಿಷ. ಮಾಸ್ಕಿನೊಳಗೆ ತನ್ನದೇ ಉಸಿರು ಜೋರಾಗಿ ಕೇಳುವಾಗ ನೆನಪಾಗಬೇಕಾದರೆ ಮೈಗೆ ಅಭ್ಯಾಸ ಬೇಕು. ಹಳೇ ಬೋಸನ್‌ಗಳೂ ಕ್ಲಾಸಿನಲ್ಲಿ ಮೊದಲ ಸಲ ಅಂಗೈ ಚಾಚಿದ್ದನ್ನು ನೋಡಿದ್ದೇನೆ.

2025ರ ಜೂನ್ ನೆನಪಿದೆಯಲ್ಲ? ಕೊಲಂಬೊದಿಂದ ಮುಂಬೈ ಕಡೆಗೆ ಹೊರಟಿದ್ದ ವಾನ್ ಹೈ 503 ಎಂಬ ಕಂಟೇನರ್ ಹಡಗಿಗೆ ಕೇರಳದ ಕಡಲಾಚೆ ಬೆಂಕಿ ಬಿತ್ತು. 22 ಜನರಲ್ಲಿ 18 ಮಂದಿಯನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ನಮ್ಮ ಪಣಂಬೂರಿಗೇ ತಂದಿಳಿಸಿತು. 4 ಮಂದಿ ಬರಲಿಲ್ಲ. ಆ ಹಡಗು ವಾರಗಟ್ಟಲೆ ಉರಿಯಿತು.

ಬರೀ ಬೆಂಕಿ ಅಲ್ಲ. ಗಾಳಿ ಇಲ್ಲದ ಟ್ಯಾಂಕ್ ಇನ್ನೂ ಕೆಟ್ಟದ್ದು, ಯಾಕೆಂದರೆ ಅದು ಹೆದರಿಸುವುದಿಲ್ಲ. ಮುಚ್ಚಿದ ಟ್ಯಾಂಕಿನಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತಾ ಆಮ್ಲಜನಕ ತಿನ್ನುತ್ತದೆ. ಹೊರಗೆ 20.9% ಇರಬೇಕಾದ್ದು ಒಳಗೆ ಎಷ್ಟೋ ಇಳಿದಿರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಏಣಿ ಇಳಿದವನು ಕೆಳಗೆ ತಲುಪುವ ಮೊದಲೇ ಬೀಳುತ್ತಾನೆ. ಮೇಲಿದ್ದವನು "ಅಯ್ಯೋ" ಎಂದು ಅವನ ಹಿಂದೆಯೇ ಇಳಿಯುತ್ತಾನೆ. 2022ರ ಏಪ್ರಿಲ್‌ನಲ್ಲಿ ನಮ್ಮ ಮಂಗಳೂರು ಹೊರವಲಯದ ಮೀನು ಸಂಸ್ಕರಣಾ ಘಟಕವೊಂದರ ಟ್ಯಾಂಕಿನಲ್ಲಿ ಹೀಗೆಯೇ ಒಬ್ಬನನ್ನು ಉಳಿಸಲು ಹೋಗಿ ಒಟ್ಟು 5 ಕಾರ್ಮಿಕರು ಸತ್ತರು. ಹಡಗಿನಲ್ಲಿ 2015ರಿಂದ ಎರಡು ತಿಂಗಳಿಗೊಮ್ಮೆ ಇದರ ಡ್ರಿಲ್ ಕಡ್ಡಾಯ. ಆ ಡ್ರಿಲ್‌ನಲ್ಲಿ ಕಲಿಸುವುದು ಮುಖ್ಯವಾಗಿ ಒಂದೇ: ಸಿಲಿಂಡರ್ ಹಾಕದೆ ಇಳಿಯಬೇಡ, ಒಳಗೆ ಬಿದ್ದವನು ನಿನ್ನ ತಮ್ಮನೇ ಆಗಿದ್ದರೂ. ಈ ಮಾತಿಗೆ ಮನಸ್ಸು ಒಪ್ಪುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ನಿಮ್ಮ ಯಜಮಾನರು ಡೆಕ್ ಆಫೀಸರ್, ಹಾಗಾಗಿ ಇನ್ನೊಂದನ್ನೂ ಹೇಳಿಬಿಡುತ್ತೇನೆ. 2009ರ ಜುಲೈಯಲ್ಲಿ ನವಮಂಗಳೂರು ಬಂದರಿನಿಂದ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಹೊರಟ ಏಷ್ಯನ್ ಫಾರೆಸ್ಟ್ ಎಂಬ ಹಡಗು ನಮ್ಮ ಎದುರಿನ ಸಮುದ್ರದಲ್ಲೇ ವಾಲಿ ಮುಳುಗಿತು. ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್ ಉಳಿಸಿತು. ಮಳೆಗಾಲದ ಅದಿರು, ನೋಡಲು ಒಣ ಮಣ್ಣಿನ ಗುಡ್ಡೆ. ಒಳಗೆ ನೀರು ಜಾಸ್ತಿ ಇದ್ದರೆ ಹಡಗಿನ ಕಂಪನಕ್ಕೆ ಅದು ಕೆಸರಾಗಿ ಒಂದು ಪಕ್ಕಕ್ಕೆ ಹರಿಯುತ್ತದೆ. ಪಣಂಬೂರು ಬೀಚಿನಲ್ಲಿ ತೆರೆ ಹಿಂದೆ ಹೋದ ಜಾಗದಲ್ಲಿ ನಿಂತು ಪಾದ ಅಲುಗಾಡಿಸಿ ನೋಡಿ, ಗಟ್ಟಿ ಮರಳು ಹೇಗೆ ಸಡಿಲವಾಗಿ ಕಾಲು ಇಳಿಯುತ್ತದೆ ಎಂದು. ಅದೇ ಸಂಗತಿ, ಸಾವಿರಾರು ಟನ್‌ನಲ್ಲಿ.

ಇದಕ್ಕೆ ಕ್ಲಾಸಿನಲ್ಲಿ ಒಂದು ಸುಲಭ ಪರೀಕ್ಷೆ ಕಲಿಸುತ್ತಾರೆ. ಅರ್ಧ ಅಥವಾ ಒಂದು ಲೀಟರಿನ ಡಬ್ಬಿಯಲ್ಲಿ ಅರ್ಧದಷ್ಟು ಅದಿರು ಹಾಕಿ. ಸುಮಾರು ಒಂದು ಗೇಣಿನ ಎತ್ತರದಿಂದ ಗಟ್ಟಿ ಮೇಜಿಗೆ ಕುಟ್ಟಿ. ಒಂದೆರಡು ಸೆಕೆಂಡಿಗೊಮ್ಮೆ, 25 ಸಲ. ಮೇಲೆ ನೀರು ಒಸರಿದರೆ, ಅದಿರು ಅಂಟಂಟಾಗಿ ಹರಿಯುವಂತಾದರೆ, ಲ್ಯಾಬಿಗೆ ಮತ್ತೆ ಕಳಿಸದೆ ತುಂಬುವ ಹಾಗಿಲ್ಲ. ಒಣಗಿಯೇ ಉಳಿದರೂ ಸುರಕ್ಷಿತ ಎಂದು ಅರ್ಥವಲ್ಲ, ಅದನ್ನೂ ಕಲಿಸುತ್ತಾರೆ. 2011ರಿಂದ ಈ ಸರಕಿನ ನಿಯಮಾವಳಿ ಎಲ್ಲ ಹಡಗಿಗೂ ಕಡ್ಡಾಯ. ದಡದಲ್ಲಿ ಸರಕಿನವರು, ಏಜೆಂಟರು, ಬಂದರಿನ ಬಾಡಿಗೆ ಲೆಕ್ಕ ಹಾಕುವವರು ಎಲ್ಲರೂ "ಬೇಗ, ಬೇಗ" ಎನ್ನುತ್ತಿರುವಾಗ ಒಬ್ಬ ಯುವ ಆಫೀಸರ್ ಡಬ್ಬಿ ಹಿಡಿದು "ನಿಲ್ಲಿಸಿ" ಎನ್ನಬೇಕಾದರೆ ಧೈರ್ಯ ಬೇಕು. ತಾನು ಹೇಳುವುದು ಸರಿ ಎಂದು ಖಚಿತ ಗೊತ್ತಿದ್ದವನಿಗೆ ಮಾತ್ರ ಆ ಧೈರ್ಯ ಬರುತ್ತದೆ.

ಆಮೇಲೆ ಹಡಗೇ ಬದಲಾಗುತ್ತಿದೆ. ಕಾಗದದ ಚಾರ್ಟ್ ಹೋಗಿ ಎಕ್ಡಿಸ್ ಎಂಬ ಕಂಪ್ಯೂಟರ್ ಚಾರ್ಟ್ ಬಂತು. ಎಲ್‌ಎನ್‌ಜಿ, ಮೆಥನಾಲ್ ಉರಿಸುವ ಎಂಜಿನ್ ಬಂತು. ಹೊಸ ಇಂಧನ ಬಂದರೆ ಹೊಸ ಕೋರ್ಸೂ ಬರುತ್ತದೆ. ಒಂದು ಉಪಾಯ ಹೇಳಲಾ? ಮುಂದಿನ ಪ್ರಮೋಷನ್ನಿಗೆ ಬೇಕಾದ ಕೋರ್ಸುಗಳ ಪಟ್ಟಿ, ಯಾವ ಸರ್ಟಿಫಿಕೇಟ್ ಎಂದು ಮುಗಿಯುತ್ತದೆ ಎಂಬ ತಾರೀಕು, ಎರಡನ್ನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೀವೇ ಬರೆದಿಡಿ. ಒಂದೇ ಊರಿನಲ್ಲಿ, ಒಂದರ ಹಿಂದೆ ಒಂದು ಬುಕ್ ಮಾಡಿಸಿ. ಕೊಚ್ಚಿಯಲ್ಲಿ ಸಿಗುವುದಕ್ಕೆ ಮುಂಬೈಗೆ ಹೋಗಬೇಕಾಗಿಲ್ಲ. ಗಂಡಸರು ಇದನ್ನು ಮಾಡುವುದಿಲ್ಲ, ಹಡಗಿಗೆ ಕರೆ ಬಂದ ಮೇಲೆ ಓಡುತ್ತಾರೆ.

ಪ್ರಶ್ನೆ: ಕ್ಲಾಸಿಗೆ ಹೋಗದೆ ಬೇಸಿಕ್ ಸೇಫ್ಟಿ ಸರ್ಟಿಫಿಕೇಟ್ ಮಾಡಿಸಿಕೊಡುವವರು ಇದ್ದಾರಂತೆ. ನಂಬಬಹುದಾ?
— ಹೆಸರು ಬೇಡ, ಪಡುಬಿದ್ರಿ

2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಬಂದಾಗ ನೀವು ಪಡುಬಿದ್ರಿಯಲ್ಲೇ ಇದ್ದಿರಿ ತಾನೇ? ಅಲಯನ್ಸ್ ಎಂಬ ಟಗ್ (ಹಡಗು ಎಳೆಯುವ ದೋಣಿ) ನಿಮ್ಮ ತೀರಕ್ಕೆ ಮಗುಚಿಕೊಂಡು ಬಂತು, ಜೀವಗಳು ಹೋದವು. ಕೋರಮಂಡಲ್ ಸಪೋರ್ಟರ್ 9 ಎಂಬ ಇನ್ನೊಂದು ಟಗ್ ಬಂಡೆಗೆ ಸಿಕ್ಕಿಕೊಂಡಿತು. ಅದರ 9 ಮಂದಿಯನ್ನೂ ಕೋಸ್ಟ್ ಗಾರ್ಡ್, ನೌಕಾಪಡೆ ಸೇರಿ ಉಳಿಸಿದವು. ಮಗುಚಿದ ಲೈಫ್‌ರಾಫ್ಟನ್ನು ಒಬ್ಬನೇ ತಿರುಗಿಸುವುದು ಹೇಗೆ ಗೊತ್ತಾ? ಗ್ಯಾಸ್ ಸಿಲಿಂಡರ್ ಇರುವ ಕಡೆ ಕಾಲಿಟ್ಟು, ಗಾಳಿ ಬೀಸುವ ದಿಕ್ಕು ನೋಡಿಕೊಂಡು, ಅಡಿಯ ಪಟ್ಟಿ ಹಿಡಿದು ಹಿಂದಕ್ಕೆ ಬೀಳಬೇಕು. ರಾಫ್ಟ್ ನಿಮ್ಮ ಮುಖದ ಮೇಲೆಯೇ ಬಂದು ಬೀಳುತ್ತದೆ. ಈಜುಕೊಳದಲ್ಲಿ ಒಮ್ಮೆ ಮಾಡದವನು ಆ ಹೊತ್ತಿಗೆ ಕಿರುಚುತ್ತಾನೆ, ಅಷ್ಟೇ. ಈಗ ಹಾಜರಿಗೆ ಬಯೋಮೆಟ್ರಿಕ್ ಇದೆ, ಸಿಕ್ಕಿಬಿದ್ದರೆ ಹಡಗಿನ ಜೀವನ ಮುಗಿಯಿತು. ಮಾಡಿಸಿಕೊಡುವವರ ಹೆಸರನ್ನು ಡಿಜಿ ಶಿಪ್ಪಿಂಗ್‌ಗೆ ಬರೆಯಿರಿ.

ಪ್ರಶ್ನೆ: ಮೆಕ್ಯಾನಿಕಲ್ ಬಿಇ ಕೊನೆಯ ವರ್ಷ. ಜಿಎಂಇ ಮಾಡಿದರೆ ಮರೀನ್ ಎಂಜಿನಿಯರ್ ಆಗಬಹುದು ಎನ್ನುತ್ತಾರೆ. ನನ್ನ ಗೆಳೆಯ ಎಲೆಕ್ಟ್ರಾನಿಕ್ಸ್. ಅವನಿಗೂ ದಾರಿ ಇದೆಯಾ?
— ವಿದ್ಯಾರ್ಥಿ, ಕಾರ್ಕಳ

ಇದೆ, ಇಬ್ಬರಿಗೂ. ನಿನ್ನದು ಜಿಎಂಇ, ಬಿಇ ಮುಗಿಸಿದವರಿಗೆ ಇರುವ ಮರೀನ್ ಎಂಜಿನಿಯರಿಂಗ್ ಕೋರ್ಸ್, ಸುಮಾರು ಒಂದು ವರ್ಷ. ಆಮೇಲೆ ಹಡಗಿನಲ್ಲಿ ಜೂನಿಯರ್, ಆಮೇಲೆ ಎಂಜಿನಿಯರ್ ಆಫೀಸರ್ ಆಗಲು ಕ್ಲಾಸ್ ಫೋರ್ ಪರೀಕ್ಷೆ, ಮುಂದೆ ಕ್ಲಾಸ್ ಟೂ, ಕ್ಲಾಸ್ ವನ್. ಗೆಳೆಯನದು ಇಟಿಒ, ಅಂದರೆ ಹಡಗಿನ ಎಲೆಕ್ಟ್ರಿಕಲ್-ಎಲೆಕ್ಟ್ರಾನಿಕ್ಸ್ ಆಫೀಸರ್ ಕೋರ್ಸ್, ಸುಮಾರು ನಾಲ್ಕು ತಿಂಗಳು. ಎಸ್‌ಟಿಸಿಡಬ್ಲ್ಯು ಒಪ್ಪಂದದ 2010ರ ತಿದ್ದುಪಡಿಯಲ್ಲಿ ಈ ಹುದ್ದೆಗೇ ಪ್ರತ್ಯೇಕ ಸರ್ಟಿಫಿಕೇಟ್ ಬಂತು. ಅವನಿಗೆ ಬೇಡಿಕೆ ಚೆನ್ನಾಗಿದೆ, ಆದರೆ ಚೀಫ್ ಎಂಜಿನಿಯರ್ ಆಗುವ ಏಣಿ ಅವನಿಗಿಲ್ಲ ಎಂಬುದನ್ನು ಮೊದಲೇ ತಿಳಿದಿರಲಿ.

ಕ್ಲಾಸ್ ಫೋರ್ ಮೌಖಿಕಕ್ಕೆ ಎಲ್ಲರೂ ಹೆದರುತ್ತಾರೆ. ಬಿಇ ಮಾಡಿದವರು ಸೂತ್ರ ಹೇಳುತ್ತಾರೆ, ಪರೀಕ್ಷೆ ಮಾಡುವ ಸರ್ವೇಯರ್‌ಗೆ ಬೇಕಾದ್ದು ಅದಲ್ಲ. ಉದಾಹರಣೆಗೆ, ಎಂಜಿನ್ನಿನ ತಳದ ಪೆಟ್ಟಿಗೆಯಾದ ಕ್ರಾಂಕ್‌ಕೇಸಿನಲ್ಲಿ ಎಣ್ಣೆಯ ಮಂಜು ತುಂಬಿದೆ ಎಂದು ಅಲಾರ್ಮ್ ಹೊಡೆಯಿತು. ಏನು ಮಾಡ್ತೀ? ಹೊಸಬರು "ಎಂಜಿನ್ ನಿಲ್ಲಿಸಿ, ಬಾಗಿಲು ತೆಗೆದು ನೋಡ್ತೇನೆ ಸರ್" ಎನ್ನುತ್ತಾರೆ. ಅಲ್ಲಿಗೆ ಮೌಖಿಕ ಮುಗಿಯಿತು. ಒಳಗೆ ಎಲ್ಲೋ ಒಂದು ಬೇರಿಂಗ್ ಕೆಂಪಗೆ ಕಾದಿದೆ, ಎಣ್ಣೆಯ ಆವಿ ಇದೆ, ಕಡಿಮೆ ಇರುವುದು ಗಾಳಿ ಮಾತ್ರ. ಬಾಗಿಲು ತೆಗೆದರೆ ಅದನ್ನೂ ಕೊಟ್ಟ ಹಾಗೆ. ವೇಗ ಇಳಿಸಿ, ಹಡಗು ನಡೆಸುವ ಬ್ರಿಡ್ಜಿಗೆ ಹೇಳಿ, ನಿಲ್ಲಿಸಿ, ಎಣ್ಣೆ ಓಡುತ್ತಾ ತಣ್ಣಗಾಗಲು ಬಿಟ್ಟು, ಕಡಿಮೆ ಎಂದರೂ 20 ನಿಮಿಷ ಅದರ ಹತ್ತಿರ ಯಾರೂ ಸುಳಿಯಬಾರದು. 1947ರಲ್ಲಿ ರೀನಾ ಡೆಲ್ ಪಸಿಫಿಕೊ ಎಂಬ ಹಡಗಿನ ಎಂಜಿನ್ ರೂಮಿನಲ್ಲಿ ಹೀಗೆ ಕ್ರಾಂಕ್‌ಕೇಸ್ ಸಿಡಿದು 28 ಜನ ಹೋದರು. ಇವತ್ತಿಗೂ ಈ ಪ್ರಶ್ನೆ ಕೇಳುವುದಕ್ಕೆ ಕಾರಣ ಉಂಟು.

ಕೋರ್ಸ್ ಸೇರುವ ಮೊದಲು ಊರಿನ ಯಾವುದಾದರೂ ಡೀಸೆಲ್ ಗ್ಯಾರೇಜಿನಲ್ಲಿ ಒಂದು ರಜೆ ಕಳೆ. ಸ್ಪ್ಯಾನರ್ ಹಿಡಿಯಲು ಬಾರದ ಎಂಜಿನಿಯರನ್ನು ಹಡಗಿನ ಫಿಟ್ಟರ್ ಮೊದಲ ದಿನವೇ ಅಳೆದುಬಿಡುತ್ತಾನೆ.

ಪ್ರಶ್ನೆ: ಹುಡುಗಿಯರು ಹೋಗಬಹುದಾ? ಅಪ್ಪ ಬೇಡ ಎನ್ನುತ್ತಿದ್ದಾರೆ.
— ಪಿಯುಸಿ ವಿದ್ಯಾರ್ಥಿನಿ, ಉಡುಪಿ

ಹೋಗಬಹುದು ತಂಗೀ. ಅದೇ ಪರೀಕ್ಷೆ, ಅದೇ ಕೋರ್ಸ್, ಅದೇ ಸಂಬಳ. ಅಪ್ಪನಿಗೆ ಕ್ಯಾಪ್ಟನ್ ರಾಧಿಕಾ ಮೆನನ್ ಅವರ ಬಗ್ಗೆ ಹೇಳು. ಪಕ್ಕದ ಕೇರಳದವರು, ರೇಡಿಯೊ ಆಫೀಸರ್ ಆಗಿ ಸೇರಿ ಕ್ಯಾಪ್ಟನ್ ಆದವರು. 2015ರ ಜೂನ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಮುಳುಗುತ್ತಿದ್ದ ದೋಣಿಯಿಂದ 7 ಮೀನುಗಾರರನ್ನು ಬಿರುಗಾಳಿಯಲ್ಲೇ ಉಳಿಸಿದರು. ಅದಕ್ಕೆ 2016ರಲ್ಲಿ ವಿಶ್ವಸಂಸ್ಥೆಯ ಹಡಗು ಸಂಸ್ಥೆಯಾದ ಐಎಂಒದ ಶೌರ್ಯ ಪ್ರಶಸ್ತಿ ಬಂತು, ಅದನ್ನು ಪಡೆದ ಮೊದಲ ಮಹಿಳೆ ಅವರು.

ಅಪ್ಪನ ಭಯ ಸುಳ್ಳಲ್ಲ. ಇಪ್ಪತ್ತು ಗಂಡಸರ ನಡುವೆ ಒಬ್ಬಳೇ ಇರಬೇಕಾಗಬಹುದು. 2026ರ ಜನವರಿಯಿಂದ ಕಿರುಕುಳ ತಡೆಯುವುದು, ಲೈಂಗಿಕ ಕಿರುಕುಳ ಸೇರಿ, ಹಡಗಿಗೆ ಹೋಗುವ ಎಲ್ಲರ ಬೇಸಿಕ್ ತರಬೇತಿಯ ಭಾಗವಾಗಿದೆ. ಒಳ್ಳೆಯದೇ, ತಡವಾಯಿತು. ಕಂಪನಿ ಆರಿಸುವಾಗ ಎರಡು ಪ್ರಶ್ನೆ ಕೇಳು: ಒಂದೇ ಹಡಗಿಗೆ ಇಬ್ಬರು ಹುಡುಗಿಯರನ್ನು ಒಟ್ಟಿಗೆ ಕಳಿಸುತ್ತೀರಾ, ದೂರು ಕ್ಯಾಪ್ಟನ್ ಮೇಲೆಯೇ ಇದ್ದರೆ ದಡದಲ್ಲಿ ಯಾರಿಗೆ ಫೋನ್ ಮಾಡಬೇಕು. ಎರಡನೆಯದಕ್ಕೆ ತಡವರಿಸುವ ಕಂಪನಿ ಬೇಡ.

ಪ್ರಶ್ನೆ: ಬಿಕಾಂ ಓದುತ್ತಿದ್ದೇನೆ. ಹಡಗಿಗೆ ಹೋಗುವ ಆಸೆ ಇಲ್ಲ, ಆದರೆ ಶಿಪ್ಪಿಂಗ್ ಇಷ್ಟ. ಮಂಗಳೂರಿನಲ್ಲೇ ಕೆಲಸ ಸಿಗುವ ಕೋರ್ಸ್ ಯಾವುದು? ಐಟಿಐ ವೆಲ್ಡರ್ ಆಗಿರುವ ನನ್ನ ಅಣ್ಣನಿಗೂ ಹೇಳಿ.
— ಓದುಗರು, ಕಾವೂರು

ಅಣ್ಣನದು ಮೊದಲು ಮುಗಿಸುತ್ತೇನೆ. ಮಲ್ಪೆಯಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇದೆ. ಹಿಂದಿನ ಟೆಬ್ಮಾ ಯಾರ್ಡನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ತೆಗೆದುಕೊಂಡಿತು. ಟಗ್‌ಗಳ ಜೊತೆಗೆ ನಾರ್ವೆಯ ಕಂಪನಿಯೊಂದಕ್ಕೆ 3800 ಟನ್ನಿನ ಸರಕು ಹಡಗುಗಳ ಆರ್ಡರೂ ಅವರಿಗೆ ಬಂದಿದೆ. ಐಟಿಐ ಸರ್ಟಿಫಿಕೇಟ್ ಗೇಟಿನವರೆಗೆ ಮಾತ್ರ. ಒಳಗೆ ಪರೀಕ್ಷೆಯ ಪ್ಲೇಟಿನ ಮೇಲೆ ವೆಲ್ಡ್ ಮಾಡಿ ತೋರಿಸಬೇಕು. ನಿಂತ ಪ್ಲೇಟಿಗೆ 3ಜಿ, ಓರೆಯಾಗಿ ಕಟ್ಟಿದ ಪೈಪಿಗೆ 6ಜಿ. 6ಜಿ ಪಾಸಾದ ಕೈಗೆ ಎಲ್ಲಿಯೂ ಕೆಲಸ ಉಂಟು. ಅಪ್ರೆಂಟಿಸ್ ಪ್ರಕಟಣೆಗಳ ಮೇಲೆ ಕಣ್ಣಿಟ್ಟಿರಲಿ.

ಇನ್ನು ನಿಮ್ಮದು. "ಶಿಪ್ಪಿಂಗ್ ಅಂಡ್ ಲಾಜಿಸ್ಟಿಕ್ಸ್ ಡಿಪ್ಲೊಮಾ" ಎಂದು ಬೀದಿಗೊಂದು ಬೋರ್ಡ್ ಕಾಣುತ್ತದೆ. ಅದಕ್ಕೆ ಸುರಿಯುವ ಹಣದ ಬದಲು, ಬಂದರಿನ ಹತ್ತಿರ ಸರಕಿನ ಸುಂಕದ ಕಾಗದ ನೋಡಿಕೊಳ್ಳುವ ಯಾವುದಾದರೂ ಕಸ್ಟಮ್ಸ್ ಬ್ರೋಕರ್ ಆಫೀಸಿನಲ್ಲಿ ಕಡಿಮೆ ಸಂಬಳಕ್ಕಾದರೂ ಸೇರಿ. ಅಲ್ಲಿ ಎಚ್ ಕಾರ್ಡ್ ಇರುವವನು ಸಹಾಯಕ, ಕಾಗದ ಹಿಡಿದು ಓಡಾಡುತ್ತಾನೆ. ಕಸ್ಟಮ್ಸ್ ಪರೀಕ್ಷೆ ಪಾಸಾಗಿ ಜಿ ಕಾರ್ಡ್ ಪಡೆದವನು ಕಾಗದಕ್ಕೆ ಸಹಿ ಹಾಕಬಹುದು. ಎಫ್ ಕಾರ್ಡ್‌ನ ಪರೀಕ್ಷೆ ಪಾಸಾದರೆ ಮುಂದೆ ಸ್ವಂತ ಲೈಸೆನ್ಸಿನ ದಾರಿ. ಗೇರುಬೀಜ, ಕಾಫಿ, ಎಣ್ಣೆ, ಕಲ್ಲಿದ್ದಲು, ನಮ್ಮ ಬಂದರಿನಲ್ಲಿ ಕಲಿಯಲು ಸರಕಿಗೆ ಬರವಿಲ್ಲ. ಚಾರ್ಟರಿಂಗ್, ಅಂದರೆ ಹಡಗು ಬಾಡಿಗೆಗೆ ಗೊತ್ತುಮಾಡುವ ಕೆಲಸದ ಕಡೆ ಒಲವಿದ್ದರೆ ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಚಾರ್ಟರ್ಡ್ ಶಿಪ್‌ಬ್ರೋಕರ್ಸ್ ಪರೀಕ್ಷೆಗಳು ಉಂಟು. ಕಷ್ಟ, ಆದರೆ ಮರ್ಯಾದೆ ಇರುವ ಕಾಗದ.

ಒಂದು ಕೋರ್ಸನ್ನು ಮಾತ್ರ ಖಂಡಿತ ಮಾಡಿ, ಅಪಾಯಕಾರಿ ಸರಕಿನದ್ದು. ಐಎಂಡಿಜಿ ಎನ್ನುತ್ತಾರೆ. 2010ರಿಂದ ದಡದಲ್ಲಿ ಈ ಸರಕನ್ನು ಪ್ಯಾಕ್ ಮಾಡುವವರು, ಅದರ ಕಾಗದ ಬರೆಯುವವರೂ ಇದನ್ನು ಕಲಿತಿರಬೇಕು. ಉಳ್ಳಾಲದ ಅಕ್ಕನಿಗೆ ಹೇಳಿದ ವಾನ್ ಹೈಯಲ್ಲಿ ಅಪಾಯಕಾರಿ ಸರಕಿನ ಪೆಟ್ಟಿಗೆಗಳೂ ಇದ್ದವು. ಪೆಟ್ಟಿಗೆಯೊಳಗೆ ಏನಿದೆ ಎಂದು ಹಡಗಿನವರಿಗೆ ಗೊತ್ತಾಗುವುದು ಆಫೀಸಿನಲ್ಲಿ ಕೂತು ನಿಮ್ಮಂಥವರು ತುಂಬುವ ಫಾರಂನಿಂದ ಮಾತ್ರ. ಗ್ರಾಹಕ "ಸುಮ್ನೆ ಜನರಲ್ ಕಾರ್ಗೋ ಅಂತ ಬರೀರಿ ಮಾರಾಯ್ರೆ, ಬಾಡಿಗೆ ಕಮ್ಮಿಯಾಗ್ತದೆ" ಎನ್ನುತ್ತಾನೆ. ಸೇರಿದ ಮೊದಲ ತಿಂಗಳೇ ಎನ್ನುತ್ತಾನೆ. ಆಗ ಅಪಾಯಕಾರಿ ಸರಕನ್ನು ಗುರುತಿಸುವ ಯುಎನ್ ನಂಬರ್ ಕೇಳಿ, ತಯಾರಕರ ಸೇಫ್ಟಿ ಡೇಟಾ ಶೀಟ್ ತರಿಸಿ. ಅದು ಬರುವವರೆಗೆ ಫಾರಂ ಮುಂದೆ ಕಳಿಸಬೇಡಿ. ಬಾಸ್ ಬೈದರೆ ಬೈಯಲಿ.